ಬಿಸಿಲಿಗೆ ಹಿಡಿದ ಹೊಟ್ಟೆ

ಜಗಳೂರಿನಲ್ಲಿ ಆ ಕಾಲಕ್ಕೆ, ಅಂದರೆ ಎಪ್ಪತ್ತೊಂಬತ್ತು ಎಂಬತ್ತರ ಸುಮಾರಿಗೆ, ಅಲ್ಸರ್ ಎಂಬ ಕಾಯಿಲೆ ಎಲ್ಲರಿಗೂ ಬರುತ್ತಿರಲಿಲ್ಲ. ಹೊಟ್ಟೆನೋವು ಯಾರಿಗೆ ಬೇಕಾದರೂ ಬರಬಹುದಿತ್ತು. ಕುರಿ ಕಾಯುವವನಿಗೂ ಬರುತ್ತಿತ್ತು, ಶೇಂಗಾ ಸುಲಿಯುವವಳಿಗೂ ಬರುತ್ತಿತ್ತು, ಒಂದು ಲೋಟ ಜೀರಿಗೆ ಕಷಾಯ ಕುಡಿದರೆ ಹೊರಟು ಹೋಗುತ್ತಿತ್ತು. ಅಲ್ಸರ್ ಹಾಗಲ್ಲ. ಅದು ಬರಬೇಕಾದರೆ ಮನುಷ್ಯನಿಗೆ ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ನಾಲ್ಕು ಫೈಲು ಇರಲೇಬೇಕಿತ್ತು. ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೆ ಇತ್ತು. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಇತ್ತು. ಉಣ್ಣೆ ಸೊಸೈಟಿಯ ಸೆಕ್ರೆಟರಿಯವರಿಗಂತೂ ಎರಡಿವೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅದೇ ಸೊಸೈಟಿಯಲ್ಲಿ ಉಣ್ಣೆ ತೂಗುವವನು ನಮ್ಮ ಜಂಪಣ್ಣ. ವಯಸ್ಸು ನಲವತ್ತೆರಡು. ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನು ಕಂಡ ಬಡ್ತಿಯೆಂದರೆ ಹಳೆಯ ತಕ್ಕಡಿ ಹೋಗಿ ಹೊಸ ತಕ್ಕಡಿ ಬಂದದ್ದು. ಒಂದು ದಿನ ಗೋದಾಮಿನಲ್ಲಿ ತೂಗುತ್ತಿದ್ದಾಗ ಅವನಿಗೆ ಹುಳಿತೇಗು ಬಂತು, ಎದೆ ಉರಿಯಿತು. ಹಿಂದಿನ ದಿನ ಚನ್ನಗಿರಿಯ ಮದುವೆಯೊಂದರಲ್ಲಿ ಹನ್ನೊಂದು ಹೋಳಿಗೆ ತಿಂದಿದ್ದನಾದ್ದರಿಂದ ಉರಿಯದಿದ್ದರೇ ಆಶ್ಚರ್ಯ. ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿ, "ಎದೆ ಉರಿ ಏನ್ರಿ ಜಂಪಣ್ಣ? ಅಲ್ಸರ್ ಇರಬೇಕು, ನೋಡ್ಕೊಳ್ರಿ" ಅಂದರು. ಅಷ್ಟು ಸಾಕಾಯಿತು. ಸೆಕ್ರೆಟರಿ ತಮ್ಮದು ಎನ್ನುವಂಥದ್ದೇನನ್ನಾದರೂ ಜಂಪಣ್ಣನ ಜೊತೆ ಹಂಚಿಕೊಂಡದ್ದು ಹದಿನಾರು ವರ್ಷದಲ್ಲಿ ಅದೇ ಮೊದಲು.

ಸಂಜೆ ಮನೆಗೆ ಬಂದವನೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ವರ್ಗಾವಣೆಯ ಆರ್ಡರ್ ಓದುವ ಗತ್ತಿನಲ್ಲಿ ಹೆಂಡತಿಗೆ ಹೇಳಿದ:

"ಬೊಮ್ಮೀ, ನಂಗೆ ಅಲ್ಸರ್ ಆಗೈತೆ."

ಅವನ ಲೆಕ್ಕ ಇಷ್ಟೇ: ಹೆಂಡತಿ ಒಂದೆರಡು ದಿನ ಮರ್ಯಾದೆಯಿಂದ ನೋಡಿಕೊಳ್ಳಲಿ, ಪಕ್ಕದ ಮನೆಯವರು ಬಂದು ವಿಚಾರಿಸಲಿ, ಆಮೇಲೆ ಅಲ್ಸರ್ ತಾನಾಗಿ ಹೋಯಿತೆಂದರಾಯಿತು. ಆದರೆ ಬೊಮ್ಮಕ್ಕ ಯಾವ ಕೆಲಸವನ್ನೂ ಅರ್ಧ ಮಾಡುವ ಹೆಂಗಸಲ್ಲ. ಅವಳು ಸೀದಾ ಪಕ್ಕದ ಮನೆಯ ಸಿದ್ದಲಿಂಗಮ್ಮನ ಹತ್ತಿರ ಹೋಗಿ, ಅಲ್ಸರ್ ಎಂದರೇನು ಎಂದು ಕೇಳಿದಳು. ಸಿದ್ದಲಿಂಗಮ್ಮನಿಗೆ ಯಾವ ಕಾಯಿಲೆಯ ಹೆಸರು ಹೇಳಿದರೂ ಅದರಿಂದ ಸತ್ತ ಒಬ್ಬ ನೆಂಟನಾದರೂ ಇರುತ್ತಿದ್ದ. "ಹೊಟ್ಟೆ ಒಳಗೆ ಹುಣ್ಣು ಕಣೇ ತಾಯಿ. ಹೊನ್ನಾಳಿ ನಮ್ಮ ಭಾವ ಅದ್ರಾಗೇ ಹೋದ್ರು. ಬೆಳಗ್ಗೆ ಚಾ ಕುಡುದ್ರು, ಮಧ್ಯಾಹ್ನ ಇಲ್ಲ" ಎಂದಳು.

ಬೊಮ್ಮಕ್ಕ ಬಿಳುಚಿಕೊಂಡು ವಾಪಸು ಬಂದಳು. ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿ, ಗಂಡನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಜೋರಾಗಿ ಹರಕೆ ಕಟ್ಟಿಕೊಂಡಳು: "ತಾಯೀ, ಇವ್ರ ಹುಣ್ಣು ಮಾಯೋ ತನಕ ಇವ್ರೂ ಖಾರ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ."

ಜಂಪಣ್ಣ ದಂಗಾಗಿ ಹೋದ. ಯಾಕೆಂದರೆ ಬೊಮ್ಮಕ್ಕ ಖಾರ ಬಿಡುವುದೆಂದರೆ ಸಣ್ಣ ಮಾತಲ್ಲ. ಅವಳಷ್ಟು ಖಾರ ತಿನ್ನುವವರು ಆ ಕೇರಿಯಲ್ಲೇ ಇರಲಿಲ್ಲ. ರೊಟ್ಟಿಯ ಜೊತೆ ಹಸಿಮೆಣಸಿನಕಾಯಿಯನ್ನು ಬೇರೆಯವರು ಸೌತೆಕಾಯಿ ಕಡಿಯುವ ಹಾಗೆ ಕಡಿಯುತ್ತಿದ್ದಳು.

"ಏ, ನಿಂಗ್ಯಾಕೆ ಹರಕೆ? ಹುಣ್ಣು ನಂಗಲ್ವಾ?" ಅಂದ.

"ನಿಮ್ಮ ಹುಣ್ಣು ಬ್ಯಾರೆ, ನನ್ನ ಹುಣ್ಣು ಬ್ಯಾರೆ ಐತೇನ್ರಿ?" ಎಂದು ಅವಳು ಕಣ್ಣೊರೆಸಿಕೊಂಡಳು. ಆ ಕ್ಷಣದಲ್ಲಿ ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಜಂಪಣ್ಣ ಬಾಯಿ ತೆರೆದ, ದೀಪ ನೋಡಿದ, ಮುಚ್ಚಿದ.

ಬೊಮ್ಮಕ್ಕನ ಅಣ್ಣ ಸಣ್ಣತಿಮ್ಮಪ್ಪ ನ್ಯಾಮತಿಯಲ್ಲಿದ್ದ. ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಕೆಲಸ ಬಿಟ್ಟು ಮೂರು ವರ್ಷವಾದರೂ ಗಂಟಲು ಇನ್ನೂ ಡ್ಯೂಟಿಯಲ್ಲೇ ಇತ್ತು. ತಂಗಿಯ ಕಾಗದ ತಲುಪಿದ ವಾರಕ್ಕೆ ಜಂಪಣ್ಣನ ಮನೆಯ ಮುಂದೆ ಒಂದು ಲಾರಿ ಬಂದು ನಿಂತಿತು. ಲಾರಿಯ ಮುಂದಿನಿಂದ ಸಣ್ಣತಿಮ್ಮಪ್ಪ ಇಳಿದ, ಹಿಂದಿನಿಂದ ಒಂದು ಎಮ್ಮೆ ಇಳಿಯಿತು.

"ಅಲ್ಸರಿಗೆ ಹಾಲೇ ಮದ್ದು!" ಎಂದು ಅವನು ಬೀದಿಯಲ್ಲೇ ಕೂಗಿ ಹೇಳಿದ. "ನಮ್ಮ ಸರ್ಕಲ್ ಸಾಹೇಬ್ರಿಗೂ ಅಲ್ಸರ್ ಇತ್ತು. ಹಾಲು ಕುಡುದೂ ಕುಡುದೂ ಅಲ್ಸರ್ ಓಡೇಹೋತು. ದಿನಕ್ಕೆ ಆರು ಲೋಟ, ತಿಳೀತಾ ಜಂಪಣ್ಣ? ಆರು! ಒಂದು ಹನಿ ಬಿಟ್ರೂ ನಂಗೆ ಸುದ್ದಿ ಬರ್ತೈತೆ."

ಜಂಪಣ್ಣ ಎಮ್ಮೆಯನ್ನು ನೋಡಿದ. ಎಮ್ಮೆ ಜಂಪಣ್ಣನನ್ನು ನೋಡಿತು. ಅವನು ಹುಟ್ಟಾ ಹಾಲು ಕುಡಿದವನಲ್ಲ. ಚಹಾಕ್ಕೆ ಬೀಳುವ ಎರಡು ಚಮಚೆ ಬಿಟ್ಟರೆ ಅವನಿಗೂ ಹಾಲಿಗೂ ಸಂಬಂಧವೇ ಇರಲಿಲ್ಲ. ಆ ಸಂಜೆಯೇ ಬೊಮ್ಮಕ್ಕ ಮೊದಲ ಲೋಟ ಕೈಗಿತ್ತಳು, ಸಣ್ಣತಿಮ್ಮಪ್ಪ ಎದುರು ನಿಂತು ಕುಡಿಸಿದ.

ಇಲ್ಲದ ಕಾಯಿಲೆಗೆ ಔಷಧಿ ಶುರುವಾದ ಹತ್ತನೆಯ ದಿನಕ್ಕೆ ಕಾಯಿಲೆ ಬಂತು. ಹೊಟ್ಟೆ ಉಬ್ಬಿತು, ಹಿಂಡಿತು, ಗುಡುಗಿತು. ಸೊಸೈಟಿಯ ಮೀಟಿಂಗಿನಲ್ಲಿ ಅಧ್ಯಕ್ಷರು ಮಾತಾಡುವಾಗ ಜಂಪಣ್ಣನ ಹೊಟ್ಟೆ ಎಷ್ಟು ಜೋರಾಗಿ ಸದ್ದು ಮಾಡಿತೆಂದರೆ, ಅಧ್ಯಕ್ಷರು ಮಾತು ನಿಲ್ಲಿಸಿ ಲಾರಿಗೆ ದಾರಿ ಬಿಡಿ ಅಂದರು. ದಿನಕ್ಕೆ ನಾಲ್ಕು ಸಲ ಚೊಂಬು ಹಿಡಿದು ಓಡುವವನನ್ನು ನೋಡಿ ಬೊಮ್ಮಕ್ಕನಿಗೆ ಜೀವ ಬಾಯಿಗೆ ಬಂತು. ಹುಣ್ಣು ಬೆಳೆಯುತ್ತಿದೆ ಎಂದು ಆರು ಲೋಟವನ್ನು ಎಂಟು ಮಾಡಿದಳು. ನೋವೂ ಎಂಟಕ್ಕೆ ತಕ್ಕಷ್ಟಾಯಿತು. ಸಿದ್ದಲಿಂಗಮ್ಮ ಕೇರಿಯ ಹೆಂಗಸರನ್ನು ಕರೆತಂದು, "ಕೇಳ್ರಿ, ಇಲ್ಲಿ ನಿಂತ್ರೂ ಕೇಳ್ತೈತೆ" ಎಂದು ಬಾಗಿಲಲ್ಲೇ ನಿಲ್ಲಿಸಿ ಅವನ ಹೊಟ್ಟೆಯ ಸದ್ದು ಕೇಳಿಸಿದಳು. ಅವರು ಬಾಯಿಗೆ ಸೆರಗು ಹಿಡಿದು ಕೇಳಿ, ಒಳಗೆ ಸಪ್ಪೆ ರೊಟ್ಟಿಯನ್ನು ಹಾಲಿಗೆ ಅದ್ದಿಕೊಂಡು ನುಂಗುತ್ತಿದ್ದ ಬೊಮ್ಮಕ್ಕನನ್ನು ನೋಡಿ, "ಹಿಂಗೆ ಇರ್ಬೇಕು ನೋಡ್ರೇ ಹೆಣ್ಣು ಅಂದ್ರೆ" ಎಂದು ಹೊಗಳಿ ಹೋದರು. ಬೊಮ್ಮಕ್ಕ ಸೊರಗಿದ್ದಳು. ರವಿಕೆಯ ತೋಳು ಸಡಿಲವಾಗಿತ್ತು.

ಈಗ ಹೇಳಲೇಬೇಕಾದ ಒಂದು ಮಾತಿದೆ, ಹೇಳುವುದಕ್ಕೆ ನನಗೇ ಸಂಕೋಚ. ಪ್ರತಿ ಗುರುವಾರ ಜಂಪಣ್ಣ ಉಣ್ಣೆ ಖರೀದಿಗೆಂದು ಎಮ್ಮೆಯ ಹಾಲು ಕರೆಯುವುದಕ್ಕೂ ಮುಂಚಿನ ಬಸ್ಸಿಗೆ ಬಿಳಿಚೋಡಿಗೆ ಹೋಗುತ್ತಿದ್ದ. ಅಲ್ಲಿ ಬಸ್ಸು ನಿಲ್ಲುವ ಕಡೆ ಗಿಡ್ಡಪ್ಪ ಎಂಬವನ ಗುಡಿಸಲು ಹೋಟೆಲಿತ್ತು. ಗಿಡ್ಡಪ್ಪ ದೊಡ್ಡ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬಿಡುತ್ತಿದ್ದ. ಕಡ್ಲೆಹಿಟ್ಟಿನ ಅಂಗಿ ತೊಟ್ಟ ಗೇಣುದ್ದದ ಮೆಣಸಿನಕಾಯಿಗಳು ಎಣ್ಣೆಯಲ್ಲಿ ಮಗ್ಗುಲು ಬದಲಿಸುತ್ತಿದ್ದವು. ಮೂರನೆಯ ಗುರುವಾರ ಜಂಪಣ್ಣ ವಾಸನೆ ಮಾತ್ರ ನೋಡಿ ಹೋಗೋಣ ಎಂದು ನಿಂತ. ನಾಲ್ಕು ತಿಂದ. ಆಮೇಲೆ ಸೀಬೆ ಎಲೆ ಅಗಿದು, ಬಾಯಿ ಮುಕ್ಕಳಿಸಿ, ಮನೆಗೆ ಬಂದು ಹೆಂಡತಿಯ ಮುಖ ನೋಡಲಾಗದೆ ಗೋಡೆ ಕಡೆ ತಿರುಗಿ ಮಲಗಿದ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು. ಇನ್ನು ಮೇಲೆ ಇಲ್ಲ ಎಂದು ಆಣೆ ಮಾಡಿಕೊಂಡ. ಆ ಆಣೆ ಬುಧವಾರದ ತನಕ ಗಟ್ಟಿಯಾಗಿ ನಿಲ್ಲುತ್ತಿತ್ತು.

ಹೀಗೆ ಎಂಟು ತಿಂಗಳು ಕಳೆದವು. ಒಂದು ಬುಧವಾರ ಜಂಪಣ್ಣ ತಕ್ಕಡಿಯ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಉಣ್ಣೆಯ ರಾಶಿಯ ಮೇಲೆ ಬಿದ್ದ. ನ್ಯಾಮತಿಗೆ ತಂತಿ ಹೋಯಿತು. ಗುರುವಾರ ಬೆಳಗ್ಗೆ ಹುಷಾರಾಗಿ ಎದ್ದ ಜಂಪಣ್ಣ ಯಾರು ಬೇಡವೆಂದರೂ ಕೇಳದೆ ಬಿಳಿಚೋಡಿಗೆ ಹೋಗಿ ಬಂದ. ರಾತ್ರಿಯ ಊಟಕ್ಕೆ ಕೂರುವಷ್ಟರಲ್ಲಿ ಸಣ್ಣತಿಮ್ಮಪ್ಪ ಬಾಗಿಲಲ್ಲಿದ್ದ.

"ಏನೂ ತಿನ್ನಂಗಿಲ್ಲ, ಕುಡಿಯಂಗಿಲ್ಲ. ನಾಳೆ ಬೆಳಗ್ಗೆ ದಾವಣಗೆರೆ. ದೊಡ್ಡ ಡಾಕ್ಟ್ರನ್ನ ಗೊತ್ತು ಮಾಡೀನಿ. ಹೊಟ್ಟೆ ಫೋಟೋ ತೆಗಿಸ್ಬೇಕಂತೆ, ಖಾಲಿ ಹೊಟ್ಟ್ಯಾಗೆ."

"ಹೊಟ್ಟೆ ಫೋಟೋನಾ?" ಎಂದ ಜಂಪಣ್ಣ.

"ಹೂಂ. ಎಕ್ಸ್‌ರೇ. ಒಳಗೇನೈತೋ ಎಲ್ಲಾ ಬಯಲಾಗ್ತೈತೆ. ನಮ್ಮ ಸ್ಟೇಷನ್ನಾಗೆ ಒಬ್ಬ ಕಳ್ಳ ಉಂಗುರ ನುಂಗಿ ಕುಂತಿದ್ದ. ಎಷ್ಟು ಬಡಿದ್ರೂ ಬಾಯಿ ಬಿಡ್ಲಿಲ್ಲ. ಫೋಟೋ ಬಿಡಿಸ್ತು!"

ಮರುದಿನ ಬೆಳಗ್ಗೆ ಬೊಮ್ಮಕ್ಕನೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಂಪಣ್ಣ ಒಂದೇ ಪ್ರಶ್ನೆಯನ್ನು ಒಳಗೊಳಗೇ ಮಸೆದು ಮಸೆದು, ಕೊನೆಗೆ ಏನೂ ಅಲ್ಲವೆಂಬಂತೆ ಕೇಳಿದ: "ಭಾವ, ಆ ಉಂಗುರ ನುಂಗಿ ಎಷ್ಟು ದಿನ ಆಗಿತ್ತು?"

"ಹದಿನೈದು ದಿನ!" ಎಂದ ಸಣ್ಣತಿಮ್ಮಪ್ಪ ಹೆಮ್ಮೆಯಿಂದ. ಜಂಪಣ್ಣ ಮನಸ್ಸಿನಲ್ಲೇ ಗುರುವಾರಗಳನ್ನು ಎಣಿಸತೊಡಗಿದ.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಅವನ ಅಂಗಿ ಬಿಚ್ಚಿಸಿ ಕೈಗೆ ದೊಡ್ಡ ಲೋಟವೊಂದನ್ನು ಕೊಟ್ಟರು. ಅದರಲ್ಲಿ ಬೆಳ್ಳಗೆ, ಮಂದವಾಗಿ, ಸುಣ್ಣದ ಹಾಗೆ ಏನೋ ಇತ್ತು. ಇನ್ನೊಂದು ಲೋಟ ಹಾಲು ಎಂದು ಅವನ ಕಣ್ಣಲ್ಲಿ ನೀರು ಬಂತು. ಕುಡಿದರೆ ಸೀಮೆಸುಣ್ಣದ ರುಚಿ. ಕತ್ತಲೆಯಲ್ಲಿ ಅವನನ್ನು ಯಂತ್ರದ ಹಿಂದೆ ನಿಲ್ಲಿಸಿದರು.

"ಸ್ವಾಮಿ," ಎಂದು ಅವನು ಯಂತ್ರ ನಡೆಸುವವನಿಗೆ ಮೆಲ್ಲಗೆ ಹೇಳಿದ, "ಮ್ಯಾಲಿನ ಅರ್ಧ ಮಾತ್ರ ತೆಗುದ್ರೆ ಸಾಕಿತ್ತು."

"ಯಾಕೆ?"

"ಕೆಳಗೆ ಅಷ್ಟು ಚೆನ್ನಾಗಿಲ್ಲ."

"ಉಸಿರು ಬಿಗಿ ಹಿಡೀರಿ" ಎಂದಷ್ಟೇ ಉತ್ತರ ಬಂತು. ಬಿಗಿ ಹಿಡಿಯಲು ಜಂಪಣ್ಣನಲ್ಲಿ ಉಸಿರೇ ಉಳಿದಿರಲಿಲ್ಲ.

ಎರಡು ಗಂಟೆ ಕಾದ ಮೇಲೆ ಕಂದು ಬಣ್ಣದ ದೊಡ್ಡ ಲಕೋಟೆ ಕೈಗೆ ಸಿಕ್ಕಿತು. ಅದನ್ನು ಡಾಕ್ಟರ ಕ್ಲಿನಿಕ್ಕಿಗೆ ಒಯ್ದು ಕೊಡಬೇಕಿತ್ತು, ಎರಡು ಬೀದಿ ಆಚೆ. ಆದರೆ ಎಕ್ಸ್‌ರೇ ಎಂಬುದನ್ನು ಡಾಕ್ಟರು ನೋಡುವುದಕ್ಕೆ ಮುಂಚೆ ಬಿಸಿಲಿಗೆ ಹಿಡಿದು ನಾವು ನೋಡಬೇಕು ಎನ್ನುವುದು ನಮ್ಮ ಕಡೆ ಎಲ್ಲರೂ ಪಾಲಿಸಿಕೊಂಡು ಬಂದ ಕ್ರಮ. ಸಣ್ಣತಿಮ್ಮಪ್ಪ ಜಟಕಾ ನಿಲ್ಲುವ ಬೇವಿನ ಮರದ ನೆರಳಿನಿಂದ ಈಚೆ ಬಂದು, ಲಕೋಟೆ ಬಿಚ್ಚಿ, ಫಿಲ್ಮನ್ನು ಎರಡು ಕೈಯಲ್ಲಿ ಎತ್ತಿ ಸೂರ್ಯನಿಗೆ ತೋರಿಸಿದ. ಜನ ಸೇರಲು ಎಷ್ಟು ಹೊತ್ತು ಬೇಕು? ಜಟಕಾದವನು ಬಂದ, ಶೇಂಗಾ ಮಾರುವವನು ಬಂದ, ಸಾಸ್ವೆಹಳ್ಳಿಯಿಂದ ಮೊಮ್ಮಗಳ ಹೆರಿಗೆಗೆಂದು ಬಂದಿದ್ದ ಭೀಮಕ್ಕ ಎಂಬ ಮುದುಕಿ ಬಂದಳು.

"ಇದು ಬೆನ್ನುಮೂಳೆ" ಎಂದ ಶೇಂಗಾದವನು.

"ಅದು ನಂಗೂ ಗೊತ್ತೈತೆ. ನಡುವೆ ಬೆಳ್ಳಗೆ ಕಾಣಾದೇನು?" ಎಂದ ಸಣ್ಣತಿಮ್ಮಪ್ಪ.

ಎಲ್ಲರೂ ಕತ್ತೆತ್ತಿ ನೋಡಿದರು. ಎಲುಬುಗಳ ನಡುವೆ ಗೇಣುದ್ದದ ಬಿಳಿಯ ವಸ್ತುವೊಂದು ನೇತಾಡುತ್ತಿತ್ತು. ಮೇಲೆ ದಪ್ಪ, ನಡುವೆ ಉಬ್ಬು, ಕೆಳಗೆ ಬರುಬರುತ್ತಾ ಸಣ್ಣಗಾಗಿ, ತುದಿ ಒಂದು ಕಡೆಗೆ ಕೊಂಕಿಕೊಂಡಿತ್ತು.

ಜಟಕಾದವನು ತಮಾಷೆಗೆ ಅಂದ: "ಒಳ್ಳೇ ಮೆಣಸಿನಕಾಯಿ ಬಜ್ಜಿ ಇದ್ದಂಗೈತಲ್ರೀ!"

ಜನ ನಕ್ಕರು. ಜಂಪಣ್ಣ ನಗಲಿಲ್ಲ. ಅವನು ಕತ್ತೆತ್ತಿ ತನ್ನ ಹೊಟ್ಟೆಯನ್ನು ನೋಡಿದ. ದಪ್ಪ ತುದಿ ನೋಡಿದ, ಕೊಂಕು ನೋಡಿದ. ಗಿಡ್ಡಪ್ಪನ ಬಾಣಲೆಯಿಂದ ಎದ್ದು ಬಂದದ್ದೇ, ಅನುಮಾನವೇ ಇರಲಿಲ್ಲ. ಬೀದಿಯ ಮಣ್ಣಿನಲ್ಲಿ ಕುಕ್ಕರಿಸಿ ಕೂತು ಕೈ ಮುಗಿದುಬಿಟ್ಟ.

"ತಪ್ಪಾತು ಭಾವ! ನಿನ್ನೆ ನಾಕು ತಿಂದಿದ್ದೆ. ಮೂರು ಕರಗಿರಬೇಕು, ಇದೊಂದು ಉಳ್ಕೊಂಡೈತೆ!"

ಎತ್ತಿದ ಫಿಲ್ಮು ಎತ್ತಿದಲ್ಲೇ ನಿಂತಿತು. ಮಾತಾಡಿದವಳು ಬೊಮ್ಮಕ್ಕ. ಮೊದಲು ಅವಳ ಬಾಯಿಗೆ ಬಂದದ್ದು ಇಪ್ಪತ್ತು ವರ್ಷದ ಸಂಸಾರದ ಮಾತು:

"ಅಗಿದು ತಿನ್ನಿರಿ ಅಗಿದು ತಿನ್ನಿರಿ ಅಂತ ಎಷ್ಟು ಬಡ್ಕಂಡೆ ನಾನು! ನೋಡಣ್ಣ, ಇಡೀದು ನುಂಗ್ಯಾರೆ!"

ಆಮೇಲೆ ಅವಳಿಗೆ ತಾನು ಏನು ಕೇಳಿಸಿಕೊಂಡೆ ಎನ್ನುವುದು ಹೊಳೆಯಿತು. ಫಿಲ್ಮಿನಿಂದ ಕಣ್ಣು ಕಿತ್ತು ಗಂಡನನ್ನು ನೋಡಿದಳು.

"ನಿನ್ನೆನಾ?" ಅಂದಳು.

ಅಷ್ಟರಲ್ಲಿ ಸಣ್ಣತಿಮ್ಮಪ್ಪನೊಳಗಿನ ಹೆಡ್ ಕಾನ್‌ಸ್ಟೇಬಲ್ ಎದ್ದು ಕೂತಿದ್ದ. ಬೀದಿಯಲ್ಲೇ ಹೇಳಿಕೆ ತೆಗೆದುಕೊಳ್ಳಲು ಶುರು ಮಾಡಿದ. ಎಲ್ಲಿ? ಬಿಳಿಚೋಡು. ಯಾರ ಹೋಟ್ಲು? ಗಿಡ್ಡಪ್ಪಂದು. ಯಾವ್ಯಾವ ದಿನ? ಗುರುವಾರ. ಯಾವ ಗುರುವಾರ? ಎಲ್ಲಾ ಗುರುವಾರ. ಯಾವತ್ತಿಂದ? ಈ ಪ್ರಶ್ನೆಗೆ ಜಂಪಣ್ಣ ನೆಲ ನೋಡಿ ಉತ್ತರ ಹೇಳಿದಾಗ, ಜಟಕಾದವನು ಬೆರಳು ಮಡಚಿ ಮಡಚಿ, "ನೂರಿಪ್ಪತ್ತರ ಮ್ಯಾಲೆ ಆಗ್ತಾವಲ್ರೀ!" ಎಂದು ತನ್ನ ಕುದುರೆಗೂ ಕೇಳಿಸುವಂತೆ ಕೂಗಿದ.

ಭೀಮಕ್ಕ ಮಾತ್ರ ಬಜ್ಜಿಯ ಗೊಡವೆಗೆ ಹೋಗದೆ ಬೊಮ್ಮಕ್ಕನ ಮುಖವನ್ನೇ ನೋಡುತ್ತಿದ್ದಳು. "ನೀನ್ಯಾಕವ್ವ ಹಿಂಗೆ ಬಣ್ಣಗೆಟ್ಟೀಯ? ನಿಂಗೇನಾಗೈತೆ?" ಎಂದು ಕೇಳಿದಳು.

"ಏನಿಲ್ಲಮ್ಮ," ಎಂದಳು ಬೊಮ್ಮಕ್ಕ. "ಇವ್ರ ಹುಣ್ಣು ಮಾಯ್ಲಿ ಅಂತ ಹರಕೆ ಹೊತ್ತಿದ್ದೆ. ಎಂಟು ತಿಂಗಳಾತು ಖಾರ ಮುಟ್ಟಿ."

ಶೇಂಗಾದವನು ತಲೆಯ ಮೇಲಿನ ಬುಟ್ಟಿ ಇಳಿಸಿ ಕೆಳಗಿಟ್ಟ. ಭೀಮಕ್ಕ ಜಂಪಣ್ಣನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿ, ಮಣ್ಣಿನ ಮೇಲೆ ಉಗುಳಿ, ಆಸ್ಪತ್ರೆಯ ಕಡೆ ನಡೆದಳು. ಜಂಪಣ್ಣನಿಗೆ ಆಗ ಆದ ನೋವು ಯಾವ ಎಕ್ಸ್‌ರೇಯಲ್ಲೂ ಬರುವಂಥದ್ದಲ್ಲ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಸಣ್ಣತಿಮ್ಮಪ್ಪ ಫಿಲ್ಮನ್ನು ಕಳ್ಳಮಾಲಿನ ಹಾಗೆ ಮೇಜಿನ ಮೇಲಿಟ್ಟು, "ಆರೋಪಿ ಎಲ್ಲಾ ಒಪ್ಕೊಂಡಾನೆ ಸಾರ್. ಇಲ್ಲೈತೆ ನೋಡ್ರಿ ಬಜ್ಜಿ" ಎಂದ.

ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. "ಯಾವುದ್ರಿ ಬಜ್ಜಿ?"

"ಅದೇ ಸಾರ್, ಬೆಳ್ಳಗಿರಾದು."

"ಅದು ಹೊಟ್ಟೆ," ಎಂದರು ಡಾಕ್ಟರು. "ಕುಡಿಸಿದ ಬಿಳೀ ಔಷಧಿ ತುಂಬ್ಕೊಂಡು ಹೊಟ್ಟೆಯ ಆಕಾರ ಕಾಣ್ತೈತೆ. ಎಲ್ಲರ ಹೊಟ್ಟೇನೂ ಸುಮಾರು ಹಿಂಗೇ. ನಂದೂ ಹಿಂಗೇ ಐತೆ, ನಿಮ್ಮದೂ ಹಿಂಗೇ ಐತೆ. ತಿಂದ ಬಜ್ಜಿ ಇದ್ರಾಗೆ ಯಾಕೆ ಕಾಣ್ತೈತೆ?"

ಜಂಪಣ್ಣ ಗೋಡೆಗೆ ಒರಗಿಕೊಂಡ. ಕಾಣುವುದೇ ಇಲ್ಲವೆಂದರೆ ಬೀದಿಯಲ್ಲಿ ಮಣ್ಣಿಗೆ ಬಿದ್ದು ಒಪ್ಪಿಕೊಂಡದ್ದು ಯಾಕೆ? ಒಪ್ಪಿಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಏನಾದರೂ ದಾರಿ ಇದೆಯೇ ಎಂಬಂತೆ ಭಾವನ ಮುಖ ನೋಡಿದ. ಇರಲಿಲ್ಲ.

ಡಾಕ್ಟರು ಮಾತ್ರ ಏನನ್ನೋ ಯೋಚಿಸುತ್ತಾ, "ಬಜ್ಜಿ ತಿಂದ ದಿನ ನೋವು ಹೆಂಗಿರ್ತಿತ್ತು?" ಎಂದು ಕೇಳಿದರು.

ಜಂಪಣ್ಣ ಹೆಂಡತಿಯ ಕಡೆ ಕಳ್ಳನೋಟ ಬೀರಿದ. "ನಿಜ ಹೇಳ್ಬೇಕಂದ್ರೆ... ಇರ್ತಿರಲಿಲ್ಲ ಸಾರ್."

"ಆ ದಿನ ಹಾಲು?"

"ಬೆಳಗ್ಗೇನೇ ಹೋಗ್ತಿದ್ದೆ ಸಾರ್. ರಾತ್ರಿ ಬಂದು ಮಲಗಿಬಿಡ್ತಿದ್ದೆ. ಗುರುವಾರ ಹಾಲಿಲ್ಲ."

"ಉಳಿದ ದಿನ?"

"ಎಂಟು ಲೋಟ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಟ್ಟ್ಯಾಗೂ ಹುಣ್ಣಿಲ್ಲ, ಕರುಳಿನ ಬಾಯಾಗೂ ಹುಣ್ಣಿಲ್ಲ. ಕೆಲವರ ಮೈಗೆ ದೊಡ್ಡವರಾದ ಮ್ಯಾಲೆ ಹಾಲು ಒಗ್ಗಾದಿಲ್ಲ. ಕರಗಾದಿಲ್ಲ, ಉಬ್ತೈತೆ, ಭೇದಿ ಆಗ್ತೈತೆ. ಹದಿನೈದು ದಿನ ಹಾಲು ಪೂರ್ತಿ ಬಿಡ್ರಿ, ನೋವು ತಾನೇ ಹೋಗ್ತೈತೆ. ಮಜ್ಜಿಗೆ ಕುಡೀರಿ. ಊಟಕ್ಕೆ ಯಾವ ಪಥ್ಯಾನೂ ಬ್ಯಾಡ. ಈ ಬಜ್ಜಿ ವಿಷಯ ಮೊದಲೇ ಹೇಳಿದ್ರೆ ಫೋಟೋನೇ ಬೇಕಿರಲಿಲ್ಲ."

"ನನ್ನ ಎಮ್ಮೆ ಹಾಲೇ?" ಎಂದು ಸಣ್ಣತಿಮ್ಮಪ್ಪ ಗುಡುಗಿದ. "ನ್ಯಾಮತಿ ಎಮ್ಮೆ ಸಾರ್! ಅದ್ರ ಮ್ಯಾಲೇ ಕೇಸಾ?"

"ಎಮ್ಮೆ ಮ್ಯಾಲೆ ದೂರಿಲ್ರಿ," ಎಂದರು ಡಾಕ್ಟರು, "ಅದು ನಿರಪರಾಧಿ."

ಬೊಮ್ಮಕ್ಕ ಒಂದೇ ಒಂದು ಮಾತು ಕೇಳಿದಳು. "ಡಾಕ್ಟ್ರೇ, ಹುಣ್ಣು ವಾಸಿ ಆಗೈತಾ, ಇಲ್ಲಾ ಇರಲೇ ಇಲ್ವಾ?"

"ಇದ್ದ ಗುರುತೇ ಇಲ್ಲಮ್ಮ" ಎಂದರು ಡಾಕ್ಟರು. ಬೊಮ್ಮಕ್ಕ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ಮುಂದೆ ಹೊರಗೆ ನಡೆದಳು.

ಜಗಳೂರಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಬೊಮ್ಮಕ್ಕ ಯಾರನ್ನೂ ಕೇಳದೆ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೊಕ್ಕು, ಗಂಡಸರು ಬಂದು ಕೂರುವುದಕ್ಕೂ ಕಾಯದೆ, "ಒಂದು ಪ್ಲೇಟ್ ಮಂಡಕ್ಕಿ, ನಾಕು ಮೆಣಸಿನಕಾಯಿ ಬಜ್ಜಿ" ಎಂದಳು. ಬಿಸಿ ಬಜ್ಜಿ ಬಂದಾಗ ಒಂದನ್ನು ಕಣ್ಣಿಗೆ ಒತ್ತಿಕೊಂಡು, ತುಟಿಯಲ್ಲೇ ಏನೋ ಹೇಳಿ, ಕಡಿದಳು. ಎಂಟು ತಿಂಗಳು ಸಪ್ಪೆ ತಿಂದ ನಾಲಿಗೆ. ಕಣ್ಣಲ್ಲಿ ನೀರು ತುಂಬಿತು, ಮೂಗು ಕೆಂಪಾಯಿತು, ಮುಖಕ್ಕೆ ರಕ್ತ ಬಂತು. ಅವಳು ನಿಲ್ಲಿಸಲಿಲ್ಲ. ಒಂದು ಮುಗಿಸಿ ಇನ್ನೊಂದು ತಿಂದಳು, ಅದು ಮುಗಿಸಿ ಮತ್ತೊಂದು. ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ಅದು ಬರೀ ಖಾರದ ನೀರಲ್ಲ ಎಂಬುದು ಜಂಪಣ್ಣನಂಥವನಿಗೂ ತಿಳಿಯಿತು.

"ಬೊಮ್ಮೀ, ತಪ್ಪಾತು" ಅಂದ.

"ಹೂಂ" ಎಂದಳು.

ಆ ಹೂಂ ಎಂಬುದನ್ನು ಜಂಪಣ್ಣ ಕ್ಷಮೆ ಎಂದುಕೊಂಡ. ಮನಸ್ಸು ಹಗುರವಾಗಿ, ಉಳಿದಿದ್ದ ನಾಲ್ಕನೆಯ ಬಜ್ಜಿಗೆ ಕೈ ಚಾಚಿದ. ಬೊಮ್ಮಕ್ಕ ಪ್ಲೇಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿಮಗೆ ಪಥ್ಯ ಐತೆ."

"ಪಥ್ಯ ಬ್ಯಾಡ ಅಂದ್ರಲ್ಲೇ ಡಾಕ್ಟ್ರು?" ಎಂದ ಸಣ್ಣತಿಮ್ಮಪ್ಪ.

"ಡಾಕ್ಟ್ರು ಹೊಟ್ಟೆ ನೋಡಿ ಹೇಳಿದ್ರಣ್ಣ. ಹೊಟ್ಟೆ ಚೆನ್ನಾಗೈತೆ, ಅದಕ್ಕೆ ಪಥ್ಯ ಬ್ಯಾಡ. ಮನುಷ್ಯ ಚೆನ್ನಾಗಿಲ್ಲ. ಅದಕ್ಕೆ ಎಂಟು ತಿಂಗಳು ಬೇಕು." ಹೀಗೆ ಹೇಳಿ ಅವಳು ನಾಲ್ಕನೆಯದನ್ನೂ ಕಡಿದಳು.

ಸಣ್ಣತಿಮ್ಮಪ್ಪ ಬಾಯಿ ತೆರೆದು, ತಂಗಿಯ ಮುಖ ನೋಡಿ, ಮಂಡಕ್ಕಿ ಹಾಕಿಕೊಂಡು ಮುಚ್ಚಿದ. ಹೋಟೆಲಿನವನು ಮೇಜು ಒರೆಸುತ್ತಾ ಬಂದು, "ಯಜಮಾನ್ರಿಗೆ ಏನ್ ಕೊಡ್ಲಿ?" ಎಂದು ಕೇಳಿದ.

ಜಂಪಣ್ಣ ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ.

"ಒಂದು ಮಜ್ಜಿಗೆ" ಎಂದ ಅವನು. "ಮೆಣಸಿನಕಾಯಿ ಹಾಕ್ದಂಗೆ."